ಮೂರನೆಯ ಸುತ್ತಿನ ನೇರ ಗೆರೆ

ಮೊದಲ ಸುತ್ತು ಫೋನಿನಲ್ಲಿ ನಡೆಯಿತು. ನಾಸಿಕದ ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುತ್ತಿದ್ದುದು ಅಡುಗೆಮನೆಯಲ್ಲಿ ಮಾತ್ರ. ಗ್ಯಾಸ್ ಕಟ್ಟೆಗೆ ಒರಗಿ ನಿಂತು ಉತ್ತರ ಹೇಳಿದೆ. ಒಂದೇ ದಾಖಲೆ ಎರಡು ಸಲ ಬಂದರೆ ಯಾವುದನ್ನು ಉಳಿಸಿಕೊಳ್ಳುತ್ತೀರಿ, ನಿನ್ನೆಯ ಡೇಟಾ ಇವತ್ತು ತಡವಾಗಿ ಬಂದರೆ ನಿನ್ನೆಯ ವರದಿಯನ್ನು ಹೇಗೆ ತಿದ್ದುತ್ತೀರಿ, ಇಂಥ ಪ್ರಶ್ನೆಗಳು. ಕೇಳುತ್ತಿದ್ದವರು ಔಷಧಿಗೆ ಬೇಕಾದ ರಾಸಾಯನಿಕಗಳನ್ನು ತಯಾರಿಸುವ ಒಂದು ಕಂಪನಿಯ ಡೇಟಾ ತಂಡದ ಮುಖ್ಯಸ್ಥರು. ಕಾರ್ಖಾನೆ ಇದ್ದುದು ಈಗ ಛತ್ರಪತಿ ಸಂಭಾಜಿನಗರ ಎಂದು ಕರೆಯುವ, ಆಗ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದ ಊರಿನ ಹೊರವಲಯದಲ್ಲಿ.

'ಡೇಟಾ ಎಂಜಿನಿಯರ್' ಎಂಬ ಹುದ್ದೆಯ ಹೆಸರೇ ಆಗ ನಮ್ಮ ಕಡೆ ಹೊಸದು. ಯಂತ್ರಗಳು, ಕಚೇರಿಗಳು, ಗೋದಾಮುಗಳು ಕಳಿಸುವ ಅಂಕಿಗಳನ್ನು ಒಂದು ಕಡೆ ತಂದು, ಕಸ ತೆಗೆದು, ಬಳಸುವವರ ಕೈಗೆ ಕೊಡುವ ಕೆಲಸ. ನಾನು ಅದನ್ನೇ ಬೇರೆ ಹೆಸರಿನಲ್ಲಿ ಮಾಡುತ್ತಿದ್ದ ನಾಸಿಕದ ಸಣ್ಣ ಕಂಪನಿ ಮುಚ್ಚಿ ವರ್ಷವಾಗುತ್ತ ಬಂದಿತ್ತು. ಹೋದಲ್ಲೆಲ್ಲ ಮೊದಲ ಪ್ರಶ್ನೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು. ಈ ಕಸುಬಿನಲ್ಲಿ ವರ್ಷ ಹೊರಗಿದ್ದವರನ್ನು ಮತ್ತೆ ಒಳಗೆ ಬಿಡುವವರು ಕಡಿಮೆ. ಇದು ಕೈತಪ್ಪಿದರೆ ಇನ್ನು ಅರ್ಜಿ ಹಾಕುವುದಿಲ್ಲವೆಂದು ನಾನೇ ಮನೆಯಲ್ಲಿ ಹೇಳಿಬಿಟ್ಟಿದ್ದೆ. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ನನ್ನ ಗಂಡ ಅದನ್ನು ನಗೆಯಲ್ಲಿ ತೇಲಿಸಲು ನೋಡಿದರು.

"ಆಗಲಿಲ್ಲಂದ್ರ ಗಲ್ಲಿ ಹುಡುಗ್ರಿಗಿ ಗಣಿತ ಹೇಳಿಕೊಡು. ಅವ್ರ್ಯಾರೂ ನಿನ್ನ ಗ್ಯಾಪ್ ಕೇಳಂಗಿಲ್ಲ."

ನಾನು ನಗಲಿಲ್ಲ. ಅವರೂ ಆಮೇಲೆ ಆ ಮಾತು ಎತ್ತಲಿಲ್ಲ.

ಎರಡನೆಯ ಸುತ್ತಿನಲ್ಲಿ ಒಂದು ಫೈಲು ಕಳಿಸಿದರು. ಕಾರ್ಖಾನೆಯ ಟ್ಯಾಂಕುಗಳಿಗೆ ಅಂಟಿಸಿದ ಸೆನ್ಸರ್‌ಗಳು ನಿಮಿಷಕ್ಕೊಮ್ಮೆ ಕಳಿಸಿದ ತಾಪಮಾನ, ಒತ್ತಡ. ಅದರಿಂದ ಶುದ್ಧವಾದ ಒಂದು ಟೇಬಲ್ ಮಾಡಿಕೊಡಬೇಕು. ಫೈಲು ಬೇಕೆಂದೇ ಕೆಡಿಸಿದ್ದು. ಅರ್ಧ ಸೆನ್ಸರ್‌ಗಳ ಗಡಿಯಾರ ನಮ್ಮ ಸಮಯ ತೋರಿಸಿದರೆ ಇನ್ನರ್ಧ ಲಂಡನ್ ಸಮಯ ತೋರಿಸುತ್ತಿದ್ದವು. ಕೆಲವು ಸಾಲುಗಳು ಮೂರು ಮೂರು ಸಲ ಬಂದಿದ್ದವು. ಅಲ್ಲಲ್ಲಿ ಅಂಕಿ ಇರಬೇಕಾದ ಜಾಗ ಖಾಲಿ. ಸಮಯ ಸರಿಪಡಿಸಿದೆ, ನಕಲು ಸಾಲುಗಳನ್ನು ತೆಗೆದೆ. ಖಾಲಿ ಜಾಗಗಳನ್ನು ಖಾಲಿಯಾಗಿಯೇ ಬಿಟ್ಟು, ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ 'ಅಂಕಿ ಬಂದಿಲ್ಲ' ಎಂದು ಗುರುತು ಹಾಕಿದೆ.

ಮುಖ್ಯಸ್ಥರು ಫೋನಿನಲ್ಲಿ ಹಿಡಿದದ್ದು ಅದನ್ನೇ. ಪುಣೆಯ ಕಡೆಯವರು, ಮಾತು ಬಹುಪಾಲು ಇಂಗ್ಲಿಷ್, ಬೇಸರವಾದಾಗ ಹಿಂದಿ.

"ಖಾಲಿ ಯಾಕೆ ಬಿಟ್ಟಿರಿ? ನಮ್ಮ ಸಿಸ್ಟಂ ಹಿಂದಿನ ನಿಮಿಷದ ಅಂಕಿಯನ್ನೇ ಮುಂದಕ್ಕೆ ತುಂಬುತ್ತದೆ. ಗ್ರಾಫಿನ ನಡುವೆ ತೂತು ಬಿದ್ದರೆ ಡೈರೆಕ್ಟರ್‌ಗಳು ನಮ್ಮನ್ನು ಬೈಯುತ್ತಾರೆ."

"ಸರ್, ಹಿಂದಿನ ಅಂಕಿ ಆಗ ಏನಿತ್ತು ಅಂತ ಹೇಳುತ್ತದೆ. ಈಗ ಏನಿದೆ ಅಂತ ಅಲ್ಲ."

"ಒಂದು ನಿಮಿಷದಲ್ಲಿ ಟ್ಯಾಂಕು ಏನು ಬದಲಾಗುತ್ತದೆ?"

"ಒಂದು ನಿಮಿಷವಾದರೆ ಏನೂ ಇಲ್ಲ ಸರ್. ಎಷ್ಟು ನಿಮಿಷದವರೆಗೆ ತುಂಬುತ್ತೀರಿ ಅಂತ ಮಿತಿ ಇದೆಯಾ?"

ಅವರು "ಒಳ್ಳೆಯ ಪ್ರಶ್ನೆ" ಎಂದು ಮುಂದಿನ ವಿಷಯಕ್ಕೆ ಹೋದರು. ಈ ಸುತ್ತಿನಲ್ಲೇ ಬಿದ್ದೆ ಎಂದುಕೊಂಡೆ. ಆದರೆ ಮರುದಿನ ಮೇಲ್ ಬಂತು. ಮೂರನೆಯ ಸುತ್ತಿಗೆ ಕಾರ್ಖಾನೆಗೇ ಬರಬೇಕು.

ಬೆಳಗ್ಗಿನ ಎಸ್‌ಟಿ ಬಸ್ಸು ಹಿಡಿದೆ. ನಿಫಾಡ್ ದಾಟಿದ ಮೇಲೆ ಲಾಸಲಗಾಂವ್ ಮಾರುಕಟ್ಟೆಗೆ ಹೊರಟ ಈರುಳ್ಳಿ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಕಂಡಕ್ಟರನನ್ನು ಕೇಳಿದ್ದಕ್ಕೆ "ತಾಯಿ, ಕಾಂದಾ ಮೊದಲು, ಮಾಣೂಸ್ ಆಮೇಲೆ" ಎಂದ, ಮನುಷ್ಯರು ಈರುಳ್ಳಿಯ ನಂತರವೇ ಎಂಬಂತೆ. ತಡವಾಗುತ್ತದೆಂಬ ಭಯದಲ್ಲಿ ಯೇವಲಾದಲ್ಲಿ ಇಳಿದು ಚಹಾ ಕುಡಿಯಲೂ ಇಲ್ಲ. ಆ ಬಸ್ಸು ತಪ್ಪಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಯೋಚಿಸಿ ಉಪಯೋಗವಿಲ್ಲ.

ಗೇಟಿನಲ್ಲಿ ನನ್ನನ್ನು ಕರೆದೊಯ್ಯಲು ಬಂದವರು ಅಲ್ಲಿನ ಶಿಫ್ಟ್ ಎಂಜಿನಿಯರ್. ನಡುವಯಸ್ಸು, ಕುಳ್ಳು, ಹೆಲ್ಮೆಟ್ಟಿನ ಪಟ್ಟಿ ಗಲ್ಲದ ಕೆಳಗೆ ಜೋತುಬಿದ್ದಿತ್ತು. ಭೇಟಿದಾರರ ಪಾಸಿನಲ್ಲಿ ನನ್ನ ಅಡ್ಡಹೆಸರು ಓದಿ ಅಲ್ಲೇ ನಿಂತರು.

"ಕನ್ನಡದವ್ರೇನ್ರಿ ನೀವು?"

"ಹೌದ್ರಿ. ಕಲಬುರಗಿ ಕಡಿಯವ್ರು. ಈಗ ನಾಸಿಕ್ ಅದ."

"ನಂದು ಹುಮನಾಬಾದ್ ರೀ. ಇಲ್ಲಿ ಬಂದು ಅರ್ಧ ಆಯುಷ್ಯ ಆತು. ಮಕ್ಳು ಮನ್ಯಾಗ ಮರಾಠಿನೇ ಮಾತಾಡ್ತಾವ. ನಾ ಕನ್ನಡದಾಗ ಬೈದ್ರ ಮಾತ್ರ ಛಲೋ ತಿಳಿತದ."

ದಾರಿಯಲ್ಲಿ ಒಂದೊಂದು ಕಟ್ಟಡ ತೋರಿಸುತ್ತ ನಡೆದರು. ಅಂಗಳದ ತುದಿಯಲ್ಲಿ, ಕ್ಯಾಂಟೀನಿನ ಗೋಡೆಯ ಹಿಂದೆ, ಬೂದು ಬಣ್ಣದ ಟ್ಯಾಂಕೊಂದು ಒಂಟಿಯಾಗಿ ನಿಂತಿತ್ತು. ಬೇರೆ ಬೇರೆ ಘಟಕಗಳಲ್ಲಿ ಬಳಸಿ ಉಳಿದ ದ್ರಾವಕಗಳನ್ನೆಲ್ಲ ಅದರಲ್ಲಿ ಕೂಡಿಡುತ್ತಾರೆ, ಲಾರಿ ಬಂದು ಒಯ್ಯುತ್ತದೆ ಎಂದರು. ಮೊದಲು ಗಂಟೆಗೊಮ್ಮೆ ಒಬ್ಬರು ಹೋಗಿ ಟ್ಯಾಂಕಿನ ಮೈಮೇಲಿದ್ದ ಡಯಲ್ ನೋಡಿ ಬರುತ್ತಿದ್ದರಂತೆ.

"ಈಗ ನಿಮ್ಮೋರು ಸೆನ್ಸರ್ ಹಚ್ಯಾರ. ಡಯಲ್ ತೆಗದ್ಬಿಟ್ರು. ಇಲ್ಲಿ ಬಿಸಲಾಗ ತಿರಗೂದು ತಪ್ತು ನೋಡ್ರಿ, ನಿಮ್ಮ ಪುಣ್ಯ."

"ನಾ ಇನ್ನೂ ನಿಮ್ಮೋಳಾಗಿಲ್ರಿ. ಇವತ್ತು ಪಾಸಾದ್ರ."

"ಆಗ್ತೀರಿ ತಗೋರಿ. ಅವ್ರು ಕೇಳೂದು ಅವ್ರಿಗೇ ಗೊತ್ತಿರಂಗಿಲ್ಲ."

ಮೊದಲ ಮಹಡಿಯ ಕೋಣೆಯಲ್ಲಿ ತಂಡದ ಮುಖ್ಯಸ್ಥರು ಮತ್ತು ಕಾರ್ಖಾನೆಯ ಮ್ಯಾನೇಜರ್ ಕೂತಿದ್ದರು. ಯಂತ್ರಗಳ ಬಗ್ಗೆ ನಾನೇನಾದರೂ ಕೇಳಿದರೆ ಹೇಳಲೆಂದು ಶಿಫ್ಟ್ ಎಂಜಿನಿಯರ್‌ರನ್ನೂ ಅಲ್ಲೇ ಕೂರಿಸಿಕೊಂಡರು. ಒಂದು ಗೋಡೆಯಲ್ಲಿ ಅಂಗಳದ ಕಡೆಗೆ ಕಿಟಕಿ. ಎದುರು ಗೋಡೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ಒಂದರ ಕೆಳಗೊಂದು ಟ್ಯಾಂಕುಗಳ ತಾಪಮಾನದ ಗೆರೆಗಳು. ಹೊಸ ವ್ಯವಸ್ಥೆಯನ್ನು ಬಂದವರಿಗೆ ತೋರಿಸುವುದರಲ್ಲಿ ಅವರಿಗೆ ಹೆಮ್ಮೆಯಿತ್ತು. ಇರಬೇಕಾದದ್ದೇ, ಅದನ್ನು ಕಟ್ಟುವುದು ಸುಲಭವಲ್ಲ.

ನನಗೆ ಬೋರ್ಡಿನ ಮೇಲೆ ವಿನ್ಯಾಸ ಬರೆಯಲು ಹೇಳಿದರು. ಈ ಕಾರ್ಖಾನೆಯಂಥ ಇನ್ನೂ ಹಲವು ಕಾರ್ಖಾನೆಗಳ ಅಂಕಿ ಒಂದೇ ಕಡೆ ಬಂದರೆ ಟೇಬಲನ್ನು ಹೇಗೆ ಭಾಗ ಮಾಡುತ್ತೀರಿ, ಹಳೆಯದನ್ನು ಎಲ್ಲಿಡುತ್ತೀರಿ, ನಡುವೆ ಒಂದು ಕೊಂಡಿ ತಪ್ಪಿದರೆ ಮತ್ತೆ ಎಲ್ಲಿಂದ ಶುರುಮಾಡುತ್ತೀರಿ. ಬರೆಯುತ್ತ ಹೋದೆ. ಮುಖ್ಯಸ್ಥರು ಎರಡು ಸಲ ತಲೆಯಾಡಿಸಿದರು. ವರ್ಷದ ನಂತರ ಮೊದಲ ಬಾರಿಗೆ, ಈ ಕೆಲಸ ನನಗೆ ಬರುತ್ತದೆ ಎನಿಸಿತು.

ಪ್ರತಿ ಸಲ ಅವರ ಕಡೆ ತಿರುಗಿದಾಗಲೂ ಪರದೆ ಕಣ್ಣಿಗೆ ಬೀಳುತ್ತಿತ್ತು. ತಾಪಮಾನದ ಗೆರೆ ಎಂದೂ ಸುಮ್ಮನಿರುವುದಿಲ್ಲ. ಬಿಸಿಲು ಏರಿದರೆ, ಗಾಳಿ ಬೀಸಿದರೆ, ಪಂಪು ಶುರುವಾದರೆ ಕೂದಲೆಳೆಯಷ್ಟಾದರೂ ಅಲುಗುತ್ತದೆ. ಪರದೆಯ ಮೇಲಿನ ಎಲ್ಲ ಗೆರೆಗಳೂ ಹಾಗೆ ಅಲುಗುತ್ತಿದ್ದವು. ಕೊನೆಯದು ಮಾತ್ರ ಪಟ್ಟಿ ಇಟ್ಟು ಎಳೆದ ಹಾಗಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಅಂಕಿ, ದಶಾಂಶ ಕೂಡ ಬದಲಾಗದೆ. ಅದರ ಮುಂದೆ ಬರೆದಿದ್ದುದು ತ್ಯಾಜ್ಯ ದ್ರಾವಕದ ಟ್ಯಾಂಕು ಎಂದು. ಅಂಗಳದ ತುದಿಯದು.

ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೆನ್ಸರ್ ಸತ್ತಿದೆ. ಅಂಕಿ ಬರುತ್ತಿಲ್ಲ. ಸಿಸ್ಟಂ ಬೆಳಗಿನ ಕೊನೆಯ ಅಂಕಿಯನ್ನು ನಿಮಿಷ ನಿಮಿಷಕ್ಕೂ ಮುಂದಕ್ಕೆ ತುಂಬುತ್ತಿದೆ.

ಆಗ ನನ್ನ ತಲೆಯಲ್ಲಿ ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ. ಟ್ಯಾಂಕಿನಲ್ಲಿ ಅಪಾಯವಿದೆ ಎಂದು ನನಗೆ ಅನಿಸಲಿಲ್ಲ. ರಸಾಯನಶಾಸ್ತ್ರ ನನಗೆ ಗೊತ್ತಿಲ್ಲ. ನನ್ನೆದುರು ಇದ್ದ ಅಪಾಯ ಬೇರೆ. ಹಿಂದಿನ ಸುತ್ತಿನಲ್ಲಿ ಇದೇ ವಿಷಯಕ್ಕೆ ಇವರೊಂದಿಗೆ ವಾದ ಮಾಡಿದವಳು ನಾನು. ಈಗ ಅವರ ಮ್ಯಾನೇಜರ್ ಎದುರಿಗೆ, ಅವರದೇ ಪರದೆಯ ಮೇಲೆ ಅವರ ತಪ್ಪು ತೋರಿಸಿದರೆ ಇವಳೊಬ್ಬಳು ಹಟಮಾರಿ ಎಂದು ಬರೆದುಕೊಳ್ಳುತ್ತಾರೆ. ನೌಕರಿ ಸಿಕ್ಕ ಮೇಲೆ ನಾನೇ ಸರಿಪಡಿಸಬಹುದಲ್ಲ ಎಂದುಕೊಂಡು ಬೋರ್ಡಿಗೆ ತಿರುಗಿ ಇನ್ನೂ ಒಂದು ಚೌಕ ಬರೆದೆ. ಅದರೊಳಗೆ ಏನು ಬರೆಯಬೇಕೆಂದು ಮರೆತುಹೋಯಿತು. ಪೆನ್ನನ್ನು ಕೆಳಗಿಟ್ಟೆ.

"ಸರ್, ಆ ಕೊನೆಯ ಗೆರೆ ನಿಜವಲ್ಲ. ಬೆಳಗಿನಿಂದ ಆ ಟ್ಯಾಂಕಿನಿಂದ ಏನೂ ಬಂದಿಲ್ಲ ಅನಿಸುತ್ತದೆ."

ಮುಖ್ಯಸ್ಥರು ತಿರುಗಿ ನೋಡಿ ನಕ್ಕರು. "ಮತ್ತೆ ನಿಮ್ಮ ಖಾಲಿ ಜಾಗ ಬಂತಾ?"

ಮ್ಯಾನೇಜರ್ ಮರಾಠಿಯವರು. ಅವರೂ ಪರದೆಯ ಕಡೆ ನೋಡಿದರು. "ಸ್ಥಿರ ಆಹೆ ಮ್ಹಣಜೆ ಚಾಂಗಲಂಚ್ ಆಹೆ ನಾ," ಸ್ಥಿರವಾಗಿದ್ದರೆ ಒಳ್ಳೆಯದೇ ಅಲ್ಲವೇ ಎಂದರು.

"ಇಷ್ಟು ಸ್ಥಿರ ಇರಲು ಸಾಧ್ಯವಿಲ್ಲ ಸರ್. ಇಲ್ಲಿ ತುಂಬದೇ ಇರುವ ಮೂಲ ಅಂಕಿ ನೋಡಲು ಆಗುತ್ತದಾ?"

"ಮೂಲ ಅಂಕಿಯನ್ನು ನಾವು ಇಟ್ಟುಕೊಳ್ಳುವುದಿಲ್ಲ. ತುಂಬಿದ ಮೇಲೇ ಉಳಿಸುತ್ತೇವೆ" ಎಂದರು ಮುಖ್ಯಸ್ಥರು. ಹೇಳುತ್ತ ಹೇಳುತ್ತ ಅವರ ದನಿ ಸ್ವಲ್ಪ ಇಳಿಯಿತು. ಅವರು ದಡ್ಡರಲ್ಲ. ಆದರೂ ಎದ್ದವರು ಅವರಲ್ಲ. ಶಿಫ್ಟ್ ಎಂಜಿನಿಯರ್ ಕುರ್ಚಿ ಹಿಂದೆ ಸರಿಸಿ ಹೆಲ್ಮೆಟ್ ತೆಗೆದುಕೊಂಡರು. ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು.

"ಖಾತ್ರಿ ಅದ ಏನ್ರಿ ಮೇಡಂ?"

"ಟ್ಯಾಂಕಿಂದು ನನಗ ಗೊತ್ತಿಲ್ರಿ. ಆ ಗೆರಿ ಸುಳ್ಳದ ಅಂಬೂದು ಮಾತ್ರ ಖಾತ್ರಿ."

"ಹಂಗಾರ ನೋಡ್ಕೊಂಡು ಬರ್ತೀನಿ ತಗೋರಿ. ಐದು ಮಿನಿಟಿಂದು ಮಾತು. ನೀವು ಬರೀರಿ."

ಅವರು ಹೋದರು. ಸಂದರ್ಶನ ಮುಂದುವರಿಯಿತು. ಮುಖ್ಯಸ್ಥರು ಕೇಳಿದ ಪ್ರಶ್ನೆ ನನಗೆ ಈಗಲೂ ನೆನಪಿದೆ. ಒಂದೇ ಹೊತ್ತಿಗೆ ಇಬ್ಬರು ಒಂದೇ ಸಾಲನ್ನು ತಿದ್ದಿದರೆ ಯಾರದ್ದನ್ನು ಒಪ್ಪಿಕೊಳ್ಳುತ್ತೀರಿ. ಕೊನೆಗೆ ಬಂದವರದ್ದನ್ನು ಎನ್ನುವುದು ಸುಲಭದ ಉತ್ತರ, ಆದರೆ ಎಂದು ನಾನು ಶುರುಮಾಡಿದೆ. ಹೇಳುತ್ತ ಕಿಟಕಿಯ ಕಡೆ ನಿಂತಿದ್ದೆ. ಶಿಫ್ಟ್ ಎಂಜಿನಿಯರ್ ಅಂಗಳ ದಾಟುವುದು ಕಂಡಿತು. ಟ್ಯಾಂಕಿನ ಸುತ್ತ ಒಂದು ಸುತ್ತು ಬಂದರು. ಡಯಲ್ ಇದ್ದ ಜಾಗದಲ್ಲಿ ಮುಚ್ಚಿದ ಬಿರಡೆ ಮಾತ್ರ ಇತ್ತು. ಕೈಗವಸು ತೆಗೆದು ಟ್ಯಾಂಕಿನ ಮೈಗೆ ಅಂಗೈ ಹಚ್ಚಿ ಫಕ್ಕನೆ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಏಣಿ ಹತ್ತಿದರು.

ಅವರು ಯಾಕೆ ಹತ್ತಿದರೆಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಿಸಿ ಎಷ್ಟೆಂದು ತಿಳಿಯಲು ಬೇರೆ ದಾರಿ ಉಳಿದಿರಲಿಲ್ಲ. ಮೇಲಿನ ಮುಚ್ಚಳದ ಹತ್ತಿರ ಹಳೆಯ ಕಾಲದ ಒಂದು ಅಳತೆಯ ತೂತು ಇತ್ತಂತೆ. ಅಲ್ಲಿಂದ ನೋಡೋಣ ಎಂದುಕೊಂಡಿರಬೇಕು. ಕಿಟಕಿಯ ಗಾಜು ಬಡಿದು ಕೂಗಬಹುದಿತ್ತು. ಹತ್ತಬೇಡಿ, ಗೊತ್ತಿಲ್ಲ ಎಂದರೆ ಬಿಸಿಯಿದೆ ಎಂದೇ ತಿಳಿಯಿರಿ, ದೂರದಿಂದ ನೀರು ಬಿಡಿ ಎನ್ನಬಹುದಿತ್ತು. ಆ ಬುದ್ಧಿ ನನಗೆ ಬಂದದ್ದು ಮರಳುವ ಬಸ್ಸಿನಲ್ಲಿ, ವೈಜಾಪುರ ದಾಟಿದ ಮೇಲೆ.

ಸದ್ದು ದೊಡ್ಡದಾಗಿರಲಿಲ್ಲ. ಕುಕ್ಕರಿನ ಸೀಟಿಯ ಹಾಗೆ ಶುರುವಾಗಿ ನಡುವೆಯೇ ಒಡೆಯಿತು. ಟ್ಯಾಂಕಿನ ಮುಚ್ಚಳದ ಹತ್ತಿರದಿಂದ ಬಿಳಿಯ ಹಬೆ ಮೇಲೆದ್ದಿತು. ಅದರೊಳಗಿಂದ ಅವರು ಏಣಿಯ ಮೇಲೆ ಕೂತ ಹಾಗೆ ಜಾರುತ್ತ ಬಂದರು, ಎರಡೂ ಕೈ ಮುಖದ ಮೇಲೆ. ನನ್ನ ಬಾಯಲ್ಲಿ ಆಗ 'ಸಾಲು' ಎಂಬ ಶಬ್ದವಿತ್ತು. ವಾಕ್ಯ ಮುಗಿಸಿದೆನೋ ಇಲ್ಲವೋ ಗೊತ್ತಿಲ್ಲ.

ಮ್ಯಾನೇಜರ್ ಕಿಟಕಿಗೆ ಬಂದು ನೋಡಿದ್ದೇ ಮೆಟ್ಟಿಲಿಳಿದು ಓಡಿದರು. ಸೈರನ್ ಕೂಗಿತು. ಕ್ಯಾಂಟೀನಿಗೆ ಊಟಕ್ಕೆ ಹೊರಟಿದ್ದವರನ್ನೆಲ್ಲ ಗೇಟಿನ ಕಡೆ ತಿರುಗಿಸಿದರು. ಯಾರೋ ಶಿಫ್ಟ್ ಎಂಜಿನಿಯರ್‌ರನ್ನು ತುರ್ತು ಷವರಿನ ಕೆಳಗೆ ಎಳೆದು ನಿಲ್ಲಿಸಿದ್ದರು. ಇನ್ನು ಕೆಲವರು ದೂರದಿಂದ ಟ್ಯಾಂಕಿನ ಮೇಲೆ ನೀರು ಹೊಡೆಯುತ್ತಿದ್ದರು. ಬೆಂಕಿ ಹತ್ತಲಿಲ್ಲ. ಒಟ್ಟಿಗೆ ಇರಬಾರದ ಎರಡು ಘಟಕಗಳ ದ್ರಾವಕ ಆ ಬೆಳಗ್ಗೆ ಟ್ಯಾಂಕಿಗೆ ಬಿದ್ದಿತ್ತು, ಒಳಗೇ ಕಾಯುತ್ತ ಹೋಗಿತ್ತು, ಸೆನ್ಸರ್ ಅದಕ್ಕೂ ಮೊದಲೇ ಸತ್ತಿತ್ತು ಎಂದು ಆಮೇಲೆ ತಿಳಿಯಿತು. ಇನ್ನು ಸ್ವಲ್ಪ ಹೊತ್ತು ಯಾರೂ ನೋಡದೆ ಬಿಟ್ಟಿದ್ದರೆ ಟ್ಯಾಂಕೇ ಬಿರಿಯುತ್ತಿತ್ತು, ಗೋಡೆಯಾಚೆ ಇಡೀ ಶಿಫ್ಟು ಊಟಕ್ಕೆ ಕೂತಿರುತ್ತಿತ್ತು ಎಂದರು. ಹಾಗೆ ಹೇಳಿದವರಿಗೆ ಅದು ಸಮಾಧಾನದ ಮಾತು.

ಗೇಟಿನ ಹತ್ತಿರ ಎಲ್ಲರನ್ನೂ ನಿಲ್ಲಿಸಿ ಹೆಸರು ಕೂಗುತ್ತಿದ್ದರು. ನನ್ನ ಹೆಸರು ಯಾವ ವಿಭಾಗದಲ್ಲೂ ಇರಲಿಲ್ಲ. ಕುತ್ತಿಗೆಯಲ್ಲಿ ಭೇಟಿದಾರರ ಪಾಸು ಹಾಕಿಕೊಂಡು ಒಂದು ಪಕ್ಕಕ್ಕೆ ನಿಂತಿದ್ದೆ. ಆಂಬುಲೆನ್ಸ್ ಹೊರಗೆ ಹೋದ ಮೇಲೆ ತಂಡದ ಮುಖ್ಯಸ್ಥರು ನನ್ನ ಹತ್ತಿರ ಬಂದರು. ಅವರ ಮುಖ ಬಿಳಿಚಿತ್ತು.

"ಟೆಕ್ನಿಕಲ್ ಸುತ್ತು ಮುಗಿಯಿತು ಅಂದುಕೊಳ್ಳಿ. ಚೆನ್ನಾಗಿ ಮಾಡಿದಿರಿ. ಎಚ್‌ಆರ್‌ನವರು ಫೋನು ಮಾಡುತ್ತಾರೆ."

ಥ್ಯಾಂಕ್ ಯೂ ಸರ್ ಎಂದೆ. ಅಭ್ಯಾಸಬಲ.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ನೀನು ಹೇಳಿದ್ದಕ್ಕೇ ಅಷ್ಟು ಜನ ಉಳಿದರು ಎಂದರು. ಹೌದು ಎಂದೆ. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದುದು ಉಳಿದ ಜನರಲ್ಲ, ಅಂಗೈ ಹಿಂದಕ್ಕೆಳೆದುಕೊಂಡು ಒಂದು ಗಳಿಗೆ ಏಣಿಯನ್ನು ನೋಡಿದ ಒಬ್ಬರು. ಆ ಗಳಿಗೆಯಲ್ಲಿ ನಾನು ಒಳ್ಳೆಯ ಉತ್ತರ ಹೇಳುವುದರಲ್ಲಿದ್ದೆ.

ಮುಂದಿನ ವಾರ ಮತ್ತೆ ಅದೇ ಬಸ್ಸು ಹಿಡಿದು ಆಸ್ಪತ್ರೆಗೆ ಹೋದೆ. ಶಿಫ್ಟ್ ಎಂಜಿನಿಯರ್‌ರ ಕೈಗಳಿಗೆ, ಮುಖದ ಒಂದು ಪಾಲಿಗೆ ಬ್ಯಾಂಡೇಜು. ಒಂದು ಕಣ್ಣು ಮುಚ್ಚಿತ್ತು. ನನ್ನ ದನಿ ಕೇಳಿ ತಲೆ ತಿರುಗಿಸಿದರು.

"ಬರ್ರಿ ಬರ್ರಿ ಮೇಡಂ. ನಿಮ್ಮ ಗೆರಿ ಸುಳ್ಳೇ ಇತ್ತು ನೋಡ್ರಿ."

ಮಂಚದ ಹತ್ತಿರ ಹೋಗಿ ನಿಂತೆ. ಅವರೇ ಮುಂದುವರಿಸಿದರು.

"ಒಂದು ಕಣ್ಣು ಡೇಟಾ ಕಳಸ್ಲಾಕತ್ತದ್ರಿ. ಇನ್ನೊಂದರದು ಖಾಲಿ ಬರ್ಲಾಕತ್ತದ. ಡಾಕ್ಟರ್ ಏನ್ ಹೇಳ್ತಾರೋ ನೋಡಮು. ನೀವು ಮಾತ್ರ ಹಿಂದಿಂದು ತಂದು ತುಂಬಬ್ಯಾಡ್ರಿ ಮತ್ತ."

ಅವರ ಹೆಂಡತಿ ಮಂಚದ ಆ ಬದಿಗೆ ಸ್ಟೂಲಿನ ಮೇಲೆ ಕೂತಿದ್ದರು. ಅವರು ನಗಲಿಲ್ಲ. ಗಂಡ ನನ್ನನ್ನು ತೋರಿಸಿ "ಅವತ್ತು ಇಂಟರ್ವ್ಯೂಕ ಬಂದಿದ್ರಲ್ಲ, ಇವ್ರೇ" ಎಂದಾಗ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ನನ್ನನ್ನು ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನೌಕರಿ ಸಿಕ್ತೇನ್ರಿ ನಿಮಗ?" ಎಂದು ಕೇಳಿದರು.

"ಇನ್ನೂ ಒಂದು ರೌಂಡ್ ಅದ್ರಿ."

"ಇನ್ನೂ ಒಂದೇನ್ರಿ" ಎಂದರು. ಅಷ್ಟೇ. ಎದ್ದು, ಕೂರಲು ನನಗೆ ಆ ಸ್ಟೂಲು ಕೊಟ್ಟು ಹೊರಗೆ ಹೋದರು.

ನಾಲ್ಕನೆಯ ಸುತ್ತು ಕಂಪ್ಯೂಟರಿನ ಕ್ಯಾಮೆರಾದ ಎದುರು. ಎಚ್‌ಆರ್ ಮಹಿಳೆ ಮುಂಬೈಯ ಕಚೇರಿಯವರು, ಚಿಕ್ಕ ವಯಸ್ಸು, ಸೌಜನ್ಯದ ಮಾತು. ಮೂರನೆಯ ಸುತ್ತಿನ ದಿನ ಏನಾಯಿತೆಂದು ಅವರಿಗೆ ಯಾರೂ ಹೇಳಿದಂತಿರಲಿಲ್ಲ. ಅವರ ಮುಂದಿದ್ದುದು ಎಲ್ಲರಿಗೂ ಕೇಳುವ ಪ್ರಶ್ನೆಗಳು.

"ಒತ್ತಡದ ಸಂದರ್ಭದಲ್ಲಿ ನೀವು ತೆಗೆದುಕೊಂಡ ಒಂದು ನಿರ್ಧಾರದ ಬಗ್ಗೆ ಹೇಳಿ. ಸನ್ನಿವೇಶ ಏನಿತ್ತು, ನೀವೇನು ಮಾಡಿದಿರಿ, ಫಲಿತಾಂಶ ಏನಾಯಿತು."

ಇಂಥ ಪ್ರಶ್ನೆಗೆ ಹೀಗೇ ಉತ್ತರಿಸಬೇಕೆಂದು ನಾನು ಮೊದಲೇ ಕಲಿತಿದ್ದೆ. ಸನ್ನಿವೇಶ ಇತ್ತು. ಮಾಡಿದ್ದೂ ಇತ್ತು. ಫಲಿತಾಂಶದ ಜಾಗಕ್ಕೆ ಬಂದಾಗ ಸ್ಟೂಲಿನಿಂದೆದ್ದ ಆ ಹೆಂಗಸು ಕಂಡರು. ಇನ್ನೂ ಡಾಕ್ಟರು ಏನೂ ಹೇಳಿರಲಿಲ್ಲ.

"ನಿಧಾನವಾಗಿ ಯೋಚಿಸಿ" ಎಂದರು ಎಚ್‌ಆರ್ ಮಹಿಳೆ.

ನಾನು ಹಳೆಯ ಕಂಪನಿಯ ಕಥೆಯೊಂದನ್ನು ಹೇಳಿದೆ. ತಿಂಗಳ ಕೊನೆಯ ವರದಿಯಲ್ಲಿ ತಪ್ಪು ಕಂಡು, ಕಳಿಸುವುದಕ್ಕೆ ಮೊದಲೇ ತಿದ್ದಿ, ಗ್ರಾಹಕರಿಂದ ಮೆಚ್ಚುಗೆ ಪಡೆದದ್ದು. ನಡೆದದ್ದೇ, ಸುಳ್ಳಲ್ಲ. ಅವರಿಗೆ ಖುಷಿಯಾಯಿತು. ಒಳ್ಳೆಯ ಉದಾಹರಣೆ ಎಂದು ಬರೆದುಕೊಂಡರು.

ಆಯ್ಕೆಯಾಗಿದ್ದೇನೆಂದು ಮೇಲ್ ಬಂತು. ಬೇಡವೆನ್ನಲು ಒಂದು ರಾತ್ರಿಯೆಲ್ಲ ಕಾರಣ ಹುಡುಕಿದೆ. ಬೇಡವೆಂದರೆ ಅವರ ಕಣ್ಣು ಬರುವುದಿಲ್ಲ, ನನ್ನ ಕಸುಬೂ ಹೋಗುತ್ತದೆ. ಸೇರಿದೆ. ಅಷ್ಟರಲ್ಲಿ ಡಾಕ್ಟರು ಹೇಳುವುದನ್ನು ಹೇಳಿಯಾಗಿತ್ತು. ಆ ಕಣ್ಣಿಗೆ ಬೆಳಕು ಮತ್ತು ಕತ್ತಲೆ ಮಾತ್ರ ಗೊತ್ತಾಗುತ್ತದೆ. ಅವರಿಗೆ ಸ್ಟೋರಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು.

ಮೊದಲ ದಿನವೇ ಮುಖ್ಯಸ್ಥರು ನನ್ನ ಹತ್ತಿರ ಬಂದು ತುಂಬುವ ನಿಯಮವನ್ನು ತೆಗೆಯಿರಿ ಎಂದರು. ಬೇರೇನೂ ಹೇಳಲಿಲ್ಲ. ನಾಲ್ಕೈದು ಸಾಲಿನ ಕೆಲಸ. ತೆಗೆದೆ. ಅಂದಿನಿಂದ ಅಂಕಿ ಬರದಿದ್ದರೆ ಪರದೆಯ ಮೇಲೆ ಗೆರೆ ತುಂಡಾಗುತ್ತದೆ, ಡೈರೆಕ್ಟರ್‌ಗಳು ಯಾರೂ ಬೈದಿಲ್ಲ. ಗೆರೆ ತುಂಡಾದ ಕೂಡಲೇ ನಮ್ಮಲ್ಲಿ ಒಬ್ಬರು ಶಿಫ್ಟಿಗೆ ಫೋನು ಮಾಡಬೇಕು ಎಂದು ಕ್ರಮ ಮಾಡಿದ್ದಾರೆ. ಹತ್ತಿರ ಹೋಗಬೇಡಿ, ದೂರದಿಂದ ಅಳೆಯುವ ಉಪಕರಣ ಒಯ್ಯಿರಿ ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ. ಆ ಕಡೆಯವರು ಗೊತ್ತು ಮೇಡಂ, ಗೊತ್ತು ಎನ್ನುತ್ತಾರೆ. ಈವರೆಗೆ ಪ್ರತಿ ಸಲವೂ ಅದು ಸಡಿಲವಾದ ತಂತಿಯೋ ಮುಗಿದ ಬ್ಯಾಟರಿಯೋ ಆಗಿದೆ. ಆದರೂ ಯಾರೋ ಒಬ್ಬರು ಅಂಗಳ ದಾಟಿ ಹೋಗಿ, ನೋಡಿ, ತಿರುಗಿ ಫೋನು ಮಾಡುವವರೆಗೆ ನಾನು ಯಾವ ಕೆಲಸವನ್ನೂ ಮಾಡಲಾರೆ. ಕಿಟಕಿಯ ಹತ್ತಿರವೂ ಹೋಗುವುದಿಲ್ಲ.